ಅದೇ ಹತ್ತು ಮಕ್ಕಳು

ಕತ್ತರಿ ಟೀಚರ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಪ್ಯಾಂಟಿನ ಜಿಪ್ ಕಿತ್ತುಕೊಂಡು ಬಂದವನಿಗೆ ಮೊದಲು ಬೈಗುಳ, ಆಮೇಲೆ ಜಿಪ್ಪು. ಕಾಲರ್ ಸವೆಯಿತೆಂದು ಅಂಗಿಯನ್ನು ಎಸೆಯಲು ಹೊರಟವನ ಕೈಯಿಂದ ಅದನ್ನು ಕಸಿದು, ಕಾಲರ್ ಬಿಚ್ಚಿ ತಿರುಗಿಸಿ ಹೊಲಿದು, ಇನ್ನಷ್ಟು ವರ್ಷ ಹಾಕಿಕೊಂಡು ಸಾಯಿ ಎಂದು ಮುಖಕ್ಕೆ ಹಿಡಿಯುವ ಹೆಂಗಸು. ವಾರವೆಲ್ಲ ಹೊಲಿಗೆ ಅಂಗಡಿ. ಭಾನುವಾರ ಬೆಳಗ್ಗೆ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಸಣ್ಣ ಮಕ್ಕಳ ಸಂಡೇ ಸ್ಕೂಲ್. ಎರಡೂ ಕಡೆ ಕೈಯಲ್ಲಿ ಅದೇ ಕತ್ತರಿ ಇದ್ದುದರಿಂದ ಮಕ್ಕಳು ಆ ಹೆಸರಿಟ್ಟರು. ಹೆಸರಿಟ್ಟ ಮಕ್ಕಳು ಬೆಳೆದು, ಈಗ ತಮ್ಮ ಮಕ್ಕಳನ್ನು ಅವಳ ತರಗತಿಗೆ ತಂದು ಬಿಡುತ್ತಿದ್ದರು.

ಗಂಡ ಬಸ್ ಡಿಪೋದಲ್ಲಿ ಟಯರ್ ಬದಲಿಸುವವನು. ಒಮ್ಮೆ ಟಯರ್ ಸಿಡಿದು ಅವನ ಎಡಗಿವಿ ಮಂದವಾಗಿತ್ತು. ಊಟಕ್ಕೆ ಕೂರುವಾಗ ಬೇಕೆಂದೇ ಆ ಕಿವಿಯನ್ನು ತನ್ನ ಕಡೆ ಮಾಡಿ ಕೂರುತ್ತಾನೆಂದು ಅವಳು ದೂರುವಳು. ಅವನು ಅದನ್ನು ಅಲ್ಲಗಳೆದವನೂ ಅಲ್ಲ. ಗಂಡುಮಕ್ಕಳಿಬ್ಬರು ನೆಟ್ಟಗೆ ಬೆಳೆದು, ಮದುವೆಯಾಗಿ, ಬೇರೆ ಮನೆ ಮಾಡಿದ್ದರು. ಅವಳ ಅಪ್ಪ ಅಮ್ಮ ಹಣ್ಣಾಗಿ, ತಮ್ಮ ಹಾಸಿಗೆಯಲ್ಲೇ ಕಣ್ಣು ಮುಚ್ಚಿದವರು. ಆ ಮನೆಯಿಂದ ಅಕಾಲಕ್ಕೆ ಯಾರೂ ಹೋಗಿರಲಿಲ್ಲ. ಮುಂದೆ ಅವಳು ತನ್ನ ಮೇಲೆ ತಾನೇ ಹರಿಹಾಯ್ದದ್ದು ಇದಕ್ಕಾಗಿಯೇ.

ಅವಳು ಕತೆ ಹೇಳುತ್ತಿದ್ದದ್ದು ಬಟ್ಟೆಯ ಬೋರ್ಡಿನ ಮೇಲೆ. ಹಲಗೆಗೆ ಮೆತ್ತನೆಯ, ನವಿರು ಕೂದಲಿನ ಫ್ಲಾನೆಲ್ ಬಟ್ಟೆ ಬಿಗಿದಿರುತ್ತದೆ. ಅದೇ ಬಟ್ಟೆಯಲ್ಲಿ ಕತ್ತರಿಸಿದ ಮನುಷ್ಯರನ್ನೂ ಕುರಿಗಳನ್ನೂ ಅದರ ಮೇಲಿಟ್ಟು ಒತ್ತಿದರೆ ಸಾಕು, ಅಂಟು ಬೇಡ, ಗುಂಡುಸೂಜಿ ಬೇಡ, ಕಚ್ಚಿಕೊಂಡು ನಿಲ್ಲುತ್ತವೆ. ಬೇಡವಾದಾಗ ಎಳೆದು ತೆಗೆದರಾಯಿತು. ಇಂಥ ಗೊಂಬೆಗಳ ಸೆಟ್ಟುಗಳು ದುಡ್ಡು ಕೊಟ್ಟರೆ ಸಿಗುತ್ತವೆ, ಆದರೆ ಸಿಗುವುದನ್ನು ಕೊಳ್ಳುವುದು ಕತ್ತರಿ ಟೀಚರ್ ಜಾಯಮಾನವಲ್ಲ. ಅಂಗಡಿಯಲ್ಲಿ ಉಳಿದ ಚೂರುಗಳಿಂದ ಮದುವೆಯಾದ ಹೊಸದರಲ್ಲೇ ಒಂದಿಷ್ಟು ಗೊಂಬೆ ಕತ್ತರಿಸಿ ಬಿಸ್ಕೆಟ್ ಡಬ್ಬಿಗೆ ಹಾಕಿಕೊಂಡಿದ್ದಳು. ಇಡೀ ಸತ್ಯವೇದ ಆ ಒಂದು ಡಬ್ಬಿಯಲ್ಲಿ ನಡೆಯಬೇಕಿತ್ತು.

ನಡೆಯುತ್ತಲೂ ಇತ್ತು. ಗಡ್ಡದ ಮುದುಕ ಒಬ್ಬನೇ. ನೀಲಿ ಹೊದಿಕೆ ಹೊದಿಸಿದರೆ ಹಡಗು ಕಟ್ಟಿದ ನೋಹ, ಕಂದು ಹೊದಿಸಿದರೆ ಮಗನನ್ನು ಬೆಟ್ಟಕ್ಕೆ ಕರೆದೊಯ್ದ ಅಬ್ರಹಾಮ, ಹೊದಿಕೆ ಕಿತ್ತು ಮೈಮೇಲೆ ಕೆಂಪು ಚುಕ್ಕೆ ಅಂಟಿಸಿದರೆ ಹುಣ್ಣೆದ್ದ ಯೋಬ. ಕುರಿಯೂ ಒಂದೇ. ಬಲಿಯಾಗುವುದು ಅದೇ, ಕಳೆದುಹೋಗುವುದು ಅದೇ, ಸಿಗುವುದೂ ಅದೇ. ಮಕ್ಕಳ ಗೊಂಬೆಗಳು ಹತ್ತಿದ್ದವು. ಅವುಗಳಲ್ಲಿ ಕೆಂಪು ಫ್ರಾಕಿನ ಹುಡುಗಿಯೊಬ್ಬಳ ಕೈ, ಕತ್ತರಿ ಜಾರಿ, ಮೊಣಕೈಗೇ ತುಂಡಾಗಿತ್ತು. ಮೋಟುಗೈ ಹುಡುಗಿ ಎಂದರೆ ತರಗತಿಗೆಲ್ಲ ಪ್ರಾಣ.

ಯೋಬನ ಕತೆಯಲ್ಲಿ ಆ ಹತ್ತು ಮಕ್ಕಳಿಗೆ ಭಾರಿ ಕೆಲಸ. ಯೋಬನೆಂಬ ಒಳ್ಳೆಯ ಮನುಷ್ಯನಿದ್ದ, ಅವನಿಗೆ ಹತ್ತು ಮಕ್ಕಳಿದ್ದರು ಎಂದು ಅವರನ್ನು ಸಾಲಾಗಿ ಬೋರ್ಡಿಗೆ ಒತ್ತುವಳು. ಆಮೇಲೆ ಕೆನ್ನೆ ಉಬ್ಬಿಸಿ ಬಿರುಗಾಳಿ ಊದಿ, ಮನೆ ಕುಸಿದು ಬಿತ್ತು, ಮಕ್ಕಳೆಲ್ಲ ಹೋದರು ಎನ್ನುತ್ತ ಹತ್ತನ್ನೂ ಒಂದೇ ಕೈಯಲ್ಲಿ ಬಾಚಿ ಡಬ್ಬಿಗೆ ಹಾಕಿ ಟಪ್ಪನೆ ಮುಚ್ಚಳ ಮುಚ್ಚುವಳು. ಯೋಬ ಗೊಣಗಲಿಲ್ಲ, ಕೊಟ್ಟವನೂ ದೇವರು ತೆಗೆದುಕೊಂಡವನೂ ದೇವರು ಎಂದ. ಅವನ ತಾಳ್ಮೆಗೆ ದೇವರು ಮೆಚ್ಚಿ ಎಲ್ಲವನ್ನೂ ತಿರುಗಿ ಕೊಟ್ಟ. ಇಲ್ಲಿ ಮುಚ್ಚಳ ತೆರೆಯುತ್ತಿತ್ತು. ಮಕ್ಕಳು ಬೆಂಚಿನಿಂದ ಎದ್ದು ನಿಂತು, ಮೋಟುಗೈ ಬಂದ್ಲು, ಮೋಟುಗೈ ಬಂದ್ಲು ಎಂದು ಚಪ್ಪಾಳೆ ತಟ್ಟುತ್ತಿದ್ದವು.

ಹಳೆಯ ಮಕ್ಕಳು ಬೇರೆ, ಆಮೇಲೆ ಹುಟ್ಟಿದವರು ಬೇರೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಯಾರಾದರೂ ನಿಲ್ಲಿಸಿ ಕೇಳಿದ್ದರೆ ಅಷ್ಟೂ ತಿಳಿಯದವಳೇ ನಾನು ಎಂದು ಜಗಳಕ್ಕೇ ನಿಲ್ಲುತ್ತಿದ್ದಳು. ಆದರೆ ಯಾರೂ ಕೇಳಲಿಲ್ಲ. ಹತ್ತು ಗೊಂಬೆ ಇರುವಾಗ ಇನ್ನೂ ಹತ್ತು ಕತ್ತರಿಸಿ ಬಟ್ಟೆ ಹಾಳುಮಾಡುವ ಯೋಚನೆ ಅವಳ ತಲೆಗೆ ಬರುವಂಥದ್ದೇ ಅಲ್ಲ.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುತ್ತಿದ್ದ ಹೆಂಗಸೊಬ್ಬಳ ಇಬ್ಬರು ಮಕ್ಕಳು ಅವಳ ಬಳಿ ಕಲಿತರು. ಆ ತಾಯಿಯೂ ಚಿಕ್ಕಂದಿನಲ್ಲಿ ಅದೇ ಬೆಂಚಿನ ಮೇಲೆ ಕೂತು ಕಲಿತವಳೇ. ದೊಡ್ಡವನು ದೊಡ್ಡ ಮಕ್ಕಳ ತರಗತಿಗೆ ಹೋಗಿದ್ದ. ಚಿಕ್ಕವಳು, ಎಲ್ಲರೂ ಗುಬ್ಬಿ ಎಂದು ಕರೆಯುವವಳು, ಈಗ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಆ ದೊಡ್ಡವನಿಗೆ ಒಂದು ಜ್ವರ ಬಂತು. ಜ್ವರ ತಲೆಗೇರಿತು. ಹೋದ.

ಅಷ್ಟೇ. ಡಾಕ್ಟರು ತಡಮಾಡಿರಲಿಲ್ಲ, ನರ್ಸು ನಿದ್ದೆಹೋಗಿರಲಿಲ್ಲ, ಔಷಧಿಗೆ ಕೊರತೆ ಇರಲಿಲ್ಲ. ತಾಯಿ ದಿನವಿಡೀ ನಿಲ್ಲುತ್ತಿದ್ದದ್ದೇ ಗೋಡೆತುಂಬ ಔಷಧಿ ಇದ್ದ ಅಂಗಡಿಯಲ್ಲಿ. ಬೈದು ಹಗುರಾಗೋಣವೆಂದರೆ ಬೈಯಲು ಒಬ್ಬ ಮನುಷ್ಯ ಸಿಗಲಿಲ್ಲ. ತಂದೆ ಲಾರಿ ಓಡಿಸುವವನು. ಮಗನನ್ನು ಮಣ್ಣುಮಾಡಿದ ಮೇಲೆ ಮನೆಯಲ್ಲಿ ನಿಲ್ಲಲಾರದೆ ದೂರದ ಟ್ರಿಪ್‌ಗಳನ್ನೇ ಕೇಳಿ ಪಡೆದುಕೊಂಡು ಹೋಗುತ್ತಿದ್ದ. ತಾಯಿ ಆಗ ಬಸುರಿ. ಸಮಾಧಾನ ಹೇಳಬಂದವರಿಗೆಲ್ಲ ಆ ಹೊಟ್ಟೆ ಕಣ್ಣಿಗೆ ಬಿದ್ದು ಬಾಯಿಗೊಂದು ದಾರಿ ಸಿಕ್ಕಿತು. ದೇವರು ತೆಗೆದ ಕೈಯಲ್ಲೇ ಕೊಡ್ತಾನಮ್ಮ ಎಂದರು. ಕತ್ತರಿ ಟೀಚರ್ ಕೂಡ ಸಮಾಧಿಯ ಪಕ್ಕದಲ್ಲಿ ಅವಳ ಬೆನ್ನು ಸವರಿ, ಯೋಬನನ್ನು ನೆನೆಸಿಕೋ, ದೇವರು ತಿರುಗಿ ಕೊಡುತ್ತಾನೆ ಎಂದಿದ್ದಳು. ಅಮ್ಮನ ಸೆರಗು ಹಿಡಿದು ನಿಂತಿದ್ದ ಗುಬ್ಬಿ ತಲೆಯೆತ್ತಿ ಟೀಚರ್ ಮುಖ ನೋಡಿದ್ದಳು. ಹುಡುಗಿ ಅಳುತ್ತಿಲ್ಲವಲ್ಲ, ಗಟ್ಟಿ ಹುಡುಗಿ ಎಂದು ಟೀಚರ್ ಅಂದುಕೊಂಡಿದ್ದಳು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ತಾಯಿ ಹೊಲಿಗೆ ಅಂಗಡಿಗೆ ಬಂದಳು. ದಿನ ತುಂಬುತ್ತ ಬಂದಿತ್ತು, ಉಸಿರಿಗೆ ಕಷ್ಟಪಡುತ್ತಿದ್ದಳು. ಸ್ಟೂಲ್ ಎಳೆದುಕೊಟ್ಟರೂ ಕೂರಲಿಲ್ಲ. ಬಟ್ಟೆಯನ್ನೂ ತಂದಿರಲಿಲ್ಲ.

"ಟೀಚರ್, ಗುಬ್ಬಿ ಅಣ್ಣನ ಬಟ್ಟೆ ಎಲ್ಲಾ ಮಡಚಿ ತನ್ನ ಹಾಸಿಗೆ ಪಕ್ಕ ಇಟ್ಕೊಂಡಿದ್ದಾಳೆ. ದಿನಾ ನನ್ನ ಹೊಟ್ಟೆಗೆ ಬಾಯಿಟ್ಟು ಅವನ ಜೊತೆ ಮಾತಾಡ್ತಾಳೆ. ಬೇಗ ಬಾ, ನಿನ್ನ ಸಾಮಾನು ಯಾರೂ ಮುಟ್ಟಿಲ್ಲ ಅಂತಾಳೆ."

ಮಕ್ಕಳು ಹಾಗೆಲ್ಲ ಆಡುತ್ತವೆ ಬಿಡು ಎಂದು ಟೀಚರ್ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು.

"ಯಾರು ಹೇಳಿದ್ದು ನಿಂಗೆ ಅಂತ ಕೇಳಿದೆ. ಟೀಚರ್ ತೋರಿಸಿದ್ದಾರೆ ಅಂದ್ಲು. ಯೋಬನ ಮಕ್ಕಳು ಡಬ್ಬಿಗೆ ಹೋಗಿ ಅವರೇ ವಾಪಸ್ ಬರ್ತಾರಂತೆ. ಮೋಟುಗೈ ಹುಡುಗೀನೂ ಬರ್ತಾಳಂತೆ. ಅಣ್ಣ ಹೋದಾಗ ಟೀಚರೇ ಅಲ್ವಾ ಹೇಳಿದ್ದು, ದೇವರು ತಿರುಗಿ ಕೊಡ್ತಾನೆ ಅಂತ, ನೀನು ಅಲ್ಲೇ ಇದ್ಯಲ್ಲಮ್ಮ ಅಂದ್ಲು."

ಟೀಚರ್ ಕೈಯಲ್ಲಿದ್ದ ದಾರ ಸೂಜಿಯ ಕಣ್ಣಿನ ಪಕ್ಕದಲ್ಲಿ ಹಾಗೇ ನಿಂತಿತು.

"ಹೇಳಕ್ಕೆ ನಾನು ಬಾಯಿ ತೆಗೀತೀನಿ, ಬರಲ್ಲ. ನಾಳೆ ಮಗು ಹುಟ್ಟಿ, ಇವಳು ನೋಡಿ, ಇದು ಅಣ್ಣ ಅಲ್ಲ ಅಂದುಬಿಟ್ರೆ ನಾನು ಆ ಮಗೂನ ಹೇಗೆ ಎತ್ಕೊಳ್ಳಲಿ? ಅವಳ ತಲೆಗೆ ನೀವು ಹಾಕಿದ್ದು ಟೀಚರ್. ನೀವೇ ತೆಗೀರಿ."

ಹೊಸ್ತಿಲು ದಾಟುವ ಮುನ್ನ ಅವಳು ನಿಂತು, ಬೀದಿಯ ಕಡೆ ನೋಡುತ್ತ ಇನ್ನೊಂದು ಮಾತು ಹೇಳಿದಳು. "ನಾನೂ ಅದೇ ಬೋರ್ಡ್ ನೋಡಿ ಬೆಳೆದವಳಲ್ವಾ. ನನಗೆ ಬುದ್ಧಿ ಇದೆ, ಎಲ್ಲಾ ಗೊತ್ತು. ಆದ್ರೂ ಮಣ್ಣು ಮಾಡಿ ಬಂದ ದಿನ ಮನೆ ಬಾಗಿಲಿಗೆ ಚಿಲಕ ಹಾಕಕ್ಕೆ ಮನಸ್ಸು ಬರಲಿಲ್ಲ."

ಅವಳು ಹೋದ ಮೇಲೆ ಕತ್ತರಿ ಟೀಚರ್ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತಳು. ಮೊದಲು ಬಂದದ್ದು ನಾಚಿಕೆ. ಅದು ಬಹಳ ಹೊತ್ತು ನಿಲ್ಲಲಿಲ್ಲ, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಮೊದಲು ಬಿದ್ದದ್ದು ಸಂಡೇ ಸ್ಕೂಲಿನ ಪಾಠದ ಪುಸ್ತಕದ ಮೇಲೆ. ಅದರಲ್ಲಿ ಯೋಬನ ಕತೆಗೆ ಎರಡೇ ಪುಟ. ಕಳೆದುಕೊಂಡ, ತಾಳಿಕೊಂಡ, ಪಡೆದುಕೊಂಡ. ಮನೆಗೆ ಹೋಗಿ ದೊಡ್ಡ ಬೈಬಲನ್ನೇ ಚೀಲಕ್ಕೆ ಹಾಕಿಕೊಂಡು ಬಂದು, ಮಷೀನಿನ ಮೇಲಿಟ್ಟು, ಗಿರಾಕಿಗಳ ನಡುವೆ ಓದತೊಡಗಿದಳು. ಇಷ್ಟು ವರ್ಷ ಆ ಕತೆಯ ತಲೆ ಮತ್ತು ಬಾಲವನ್ನು ಮಾತ್ರ ಹೇಳಿಕೊಂಡು ಬಂದವಳು, ಹೊಟ್ಟೆಯೊಳಗೆ ಏನಿದೆ ಎಂದು ನೋಡಿದ್ದು ಅದೇ ಮೊದಲು.

ಓದಿದಷ್ಟೂ ಪಿತ್ತ ನೆತ್ತಿಗೇರಿತು. ಆರಂಭದಲ್ಲೇ ದೇವರಿಗೂ ಸೈತಾನನಿಗೂ ಒಂದು ಪಂಥ. ಈ ಮನುಷ್ಯ ನಿನ್ನ ಮೇಲಿನ ಪ್ರೀತಿಗೆ ಒಳ್ಳೆಯವನೋ, ನೀನು ಕೊಟ್ಟದ್ದಕ್ಕೆ ಒಳ್ಳೆಯವನೋ, ನೋಡೇಬಿಡೋಣ ಎಂಬ ಪಂಥ. ಆ ಪಂಥಕ್ಕೆ ಹತ್ತು ಮಕ್ಕಳು. ಅವರ ಹೆಸರೂ ಇಲ್ಲ. ಯೋಬನ ಹೆಂಡತಿಯದೂ ಇಲ್ಲ. ಅವಳಿಗೆ ಇಡೀ ಪುಸ್ತಕದಲ್ಲಿ ಒಂದೇ ಮಾತು, ದೇವರನ್ನು ಶಪಿಸಿ ಸಾಯಿ ಎಂದು ಗಂಡನಿಗೆ ಹೇಳಿದ್ದು. ಅದಕ್ಕೆ ಅವನಿಂದ ಮೂರ್ಖಳೆಂದು ಬೈಸಿಕೊಂಡಳು. ಸತ್ತವರು ಅವಳ ಹೊಟ್ಟೆಯಲ್ಲಿ ಹುಟ್ಟಿದವರೂ ಹೌದಲ್ಲ. ಯೋಬನ ಪಕ್ಕದಲ್ಲಿ ನೆಲದ ಮೇಲೆ ಕೂರಲು ಸ್ನೇಹಿತರು ಊರೂರಿನಿಂದ ಬಂದರು, ಅವಳ ಪಕ್ಕಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಯ ಪುಟದಲ್ಲಿ ಮತ್ತೆ ಹತ್ತು ಮಕ್ಕಳು ಎಂದಿದೆ. ಹೆತ್ತವಳು ಯಾರು ಎಂದೂ ಹೇಳಿಲ್ಲ. ಇದನ್ನು ಓದುವಾಗ ಕತ್ತರಿ ಟೀಚರ್ ಎಷ್ಟು ಹಲ್ಲು ಕಡಿದಳೆಂದರೆ, ಗುಂಡಿ ಹಾಕಿಸಲು ಬಂದು ಕಾಯುತ್ತಿದ್ದವನು ನಾಳೆ ಬರುತ್ತೇನೆಂದು ಜಾಗ ಖಾಲಿ ಮಾಡಿದ.

ಆಮೇಲೆ, ಅವಳು ತರಗತಿಯಲ್ಲಿ ಎಂದೂ ಹೇಳದೆ ಬಿಟ್ಟ ಕತೆಗಳೆಲ್ಲ ಒಂದೊಂದಾಗಿ ಎದ್ದುಬಂದವು. ಒಂದು ಮಗುವನ್ನು ಕೊಲ್ಲಬೇಕೆಂದು ಒಂದು ಊರಿನ ಎಳೆಗೂಸುಗಳನ್ನೆಲ್ಲ ಕೊಲ್ಲಿಸಿದ ಅರಸ. ಗೆದ್ದು ಬಂದರೆ ಮನೆಯಿಂದ ಮೊದಲು ಎದುರು ಬಂದದ್ದನ್ನು ಬಲಿ ಕೊಡುತ್ತೇನೆಂದು ಹರಕೆ ಹೊತ್ತ ಸೇನಾಪತಿ, ಕುಣಿಯುತ್ತ ಎದುರು ಬಂದ ಅವನ ಒಬ್ಬಳೇ ಮಗಳು. ತಪ್ಪು ಮಾಡಿದ್ದು ರಾಜ, ಸತ್ತದ್ದು ಅವನ ತೊಟ್ಟಿಲ ಮಗು. ಈ ಮಕ್ಕಳಿಗೆ ಅವಳು ಬಟ್ಟೆಯನ್ನೇ ಕತ್ತರಿಸಿರಲಿಲ್ಲ. ಸಣ್ಣ ಮಕ್ಕಳಿಗೆ ಇವೆಲ್ಲ ಯಾಕೆ ಎಂದು ತಿಪ್ಪೆ ಸಾರಿಸಿಕೊಂಡು ಬಂದಿದ್ದಳು. ಬೆಚ್ಚಗೆ ಕೂತವಳಿಗೆ, ಮನೆಯಿಂದ ಒಂದು ಜೀವವೂ ಅಕಾಲಕ್ಕೆ ಹೋಗದವಳಿಗೆ, ದೇವರ ನ್ಯಾಯ ಅಂಗಡಿಯ ಬೋರ್ಡಿನಷ್ಟು ಸ್ಪಷ್ಟವಾಗಿ ಕಾಣಿಸುತ್ತಿತ್ತು. ಮಗನನ್ನು ಮಣ್ಣಿಗಿಟ್ಟವಳ ಬೆನ್ನು ಸವರಿ ಉಪದೇಶ ಮಾಡಿದ ತನ್ನ ಕೈಯನ್ನು ನೋಡಿಕೊಂಡಾಗ ಅವಳಿಗೆ ಅದನ್ನು ಮಷೀನಿನ ಸೂಜಿಯ ಕೆಳಗೆ ಇಡುವಷ್ಟು ಕೋಪ ಬಂತು.

ಆದರೆ ಆ ಮಧ್ಯದ ಭಾಗದಲ್ಲಿ ಅವಳು ಎಣಿಸದಿದ್ದ ಒಂದು ಸಂಗತಿ ಇತ್ತು. ಗೊಣಗಲಿಲ್ಲ ಎಂದು ಅವಳು ಹೇಳಿಕೊಂಡು ಬಂದಿದ್ದ ಯೋಬ ಅಲ್ಲಿ ಅಧ್ಯಾಯಗಟ್ಟಲೆ ಕೂಗಾಡುತ್ತಿದ್ದ. ತಾನು ಹುಟ್ಟಿದ ದಿನಕ್ಕೆ ಶಾಪ ಹಾಕುತ್ತಾನೆ. ಉಗುಳು ನುಂಗುವಷ್ಟು ಹೊತ್ತಾದರೂ ನನ್ನನ್ನು ಬಿಡಬಾರದೇ ಎಂದು ದೇವರನ್ನೇ ಕೇಳುತ್ತಾನೆ. ನೀನೆಲ್ಲಿ ಕೂತಿದ್ದೀಯ ಹೇಳು, ಅಲ್ಲಿಗೇ ಬಂದು ನನ್ನ ವ್ಯಾಜ್ಯ ಮಂಡಿಸುತ್ತೇನೆ ಎನ್ನುತ್ತಾನೆ. ದೇವರು ನ್ಯಾಯವಂತ, ನೀನೇ ಏನೋ ಮಾಡಿರಬೇಕು, ಸುಮ್ಮನೆ ತಲೆಬಾಗು ಎಂದು ಬುದ್ಧಿ ಹೇಳುವವರು ಅವನ ಸ್ನೇಹಿತರು. ಕೊನೆಗೆ ದೇವರು ಬರುತ್ತಾನೆ, ಬಿರುಗಾಳಿಯಲ್ಲಿ ಬರುತ್ತಾನೆ, ನಕ್ಷತ್ರದ ವಿಷಯ, ಕಾಡುಮೇಕೆ ಮರಿಹಾಕುವ ವಿಷಯ ಎಲ್ಲ ಮಾತಾಡುತ್ತಾನೆ, ಮಕ್ಕಳು ಯಾಕೆ ಸತ್ತರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಆದರೆ ಅವನ ಕೋಪ ಉರಿದದ್ದು ತನ್ನ ಪರವಾಗಿ ಮಾತಾಡಿದ ಆ ಸ್ನೇಹಿತರ ಮೇಲೆ. ನನ್ನ ಬಗ್ಗೆ ಸರಿಯಾಗಿ ಆಡಿದವನು ಯೋಬನೇ ಹೊರತು ನೀವಲ್ಲ ಎಂದುಬಿಡುತ್ತಾನೆ. ಅವಳು ಆ ಪುಟಕ್ಕೆ ಹಿಂತಿರುಗಿ ಹಿಂತಿರುಗಿ ಹೋದಳು. ಸಮಾಧಿಯ ಪಕ್ಕದಲ್ಲಿ ತಾನು ಆಡಿದ ಮಾತು ಆ ಸ್ನೇಹಿತರ ಬಾಯಲ್ಲೇ ಅಚ್ಚಾಗಿತ್ತು.

ಮರುದಿನ ಚರ್ಚಿನ ಪಾಸ್ಟರ್ ಬಳಿ ಹೋದಳು. ಅವಳ ದೊಡ್ಡ ಮಗನ ವಯಸ್ಸಿನವನು, ಒಳ್ಳೆಯ ಮನುಷ್ಯ, ಮೈಕಿನ ಪ್ಲಗ್ ಬಿಚ್ಚಿಟ್ಟುಕೊಂಡು ರಿಪೇರಿ ಮಾಡುತ್ತಿದ್ದ. ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ, ಯೋಬನಿಗೆ ದನಕುರಿಗಳು ಎರಡರಷ್ಟು ಸಿಕ್ಕವು, ಮಕ್ಕಳು ಮಾತ್ರ ಮೊದಲಿನಷ್ಟೇ, ಯಾಕೆಂದರೆ ಮೊದಲಿನ ಹತ್ತು ಮಂದಿ ದೇವರ ಬಳಿ ಇನ್ನೂ ಇದ್ದಾರೆ, ಹತ್ತಕ್ಕೆ ಹತ್ತು ಸೇರಿ ಎರಡರಷ್ಟೇ ಆಯಿತು ಎಂದು ದೊಡ್ಡವರು ವಿವರಿಸುತ್ತಾರೆ ಎಂದ. ಮೆಡಿಕಲ್ ಶಾಪಿಗೆ ಹೋಗಿ ಆ ತಾಯಿಯ ಎದುರು ನಿಂತು ಈ ಲೆಕ್ಕ ಹೇಳಿ ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ ಎಂದಳು ಟೀಚರ್. ಅವನು ಏಳಲಿಲ್ಲ. ಮಗು ಹುಟ್ಟಿದರೆ ಹುಡುಗಿ ತಾನಾಗಿ ಮರೆತಾಳು, ಈಗಲೇ ಕೆದಕಿದರೆ ಬೇರೆ ತಂದೆತಾಯಿಗಳು ಏನೆಂದಾರೋ ಎಂದು ಮೆಲ್ಲನೆ ನುಡಿದ. ಅಷ್ಟಕ್ಕೆ ಅವಳ ಮೈಯೆಲ್ಲ ಉರಿಯಿತು.

"ಪಾಸ್ಟರೇ, ದೇವರು ನ್ಯಾಯವಂತ ಅಂತ ನಾನೂ ನಂಬಿದ್ದೀನಿ. ನಂಬಿದ್ದಕ್ಕೇ ಈ ಹೊಟ್ಟೆ ಉರಿ. ನಂಬದೆ ಇದ್ದಿದ್ರೆ ನನಗೇನು, ಅಂಗಡೀಲಿ ಕೂತು ಜಿಪ್ ಹಾಕ್ತಾ ಇರ್ತಿದ್ದೆ."

ಪಾಸ್ಟರ್ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಆ ಹುಡುಗನ ಪೆಟ್ಟಿಗೆ ಇಳಿಸುವಾಗ ನಾನು ಓದಿದ್ದು ಒಂದಕ್ಷರಾನೂ ನನ್ನ ಕಿವಿಗೇ ಬೀಳಲಿಲ್ಲ ಟೀಚರ್. ನೀವು ಏನು ಹೇಳಬೇಕೋ ಹೇಳಿ. ಯಾಕೆ ಹೀಗಾಯ್ತು ಅಂತ ಮಾತ್ರ ನನ್ನ ಕೇಳಬೇಡಿ."

ಅವನ ಮೇಲೆ ಇನ್ನಷ್ಟು ರೇಗಬೇಕೆಂದು ಬಂದಿದ್ದವಳು ಆ ಸಿಟ್ಟನ್ನು ಹಾಗೇ ಹೊತ್ತುಕೊಂಡು ಮನೆಗೆ ಬಂದಳು. ಊಟದ ಹೊತ್ತಿಗೆ ಗಂಡ ಅದೇಕೋ ಬಲಗಿವಿಯನ್ನು ಅವಳ ಕಡೆ ಮಾಡಿ ಕೂತ. ಎಲ್ಲ ಕೇಳಿದ. ಕೈ ತೊಳೆಯಲು ಏಳುತ್ತ, ಹತ್ತು ಹೊಸ ಗೊಂಬೆ ಕತ್ತರಿಸಬಾರದಾ ಎಂದ. ಗೊಂಬೆ ಕತ್ತರಿಸಿಬಿಟ್ಟರೆ ಮುಗಿಯುವ ಮಾತೇ ಇದು ಎಂದು ಅವಳು ಅವನ ಮೇಲೂ ಹರಿಹಾಯ್ದಳು. ಆದರೆ ಮಾರನೆಯ ದಿನ ಅಂಗಡಿಯಲ್ಲಿ ಕತ್ತರಿಸಲು ಕೂತಳು.

ಈ ಸಲ ಚೂರುಪಾರಿಗೆ ಕೈ ಹಾಕಲಿಲ್ಲ. ತನಗೆಂದು ತಂದಿಟ್ಟುಕೊಂಡಿದ್ದ ಒಳ್ಳೆಯ ಬಟ್ಟೆಯನ್ನೇ ಹರವಿದಳು. ಹಳೆಯ ಹತ್ತನ್ನು ಪಕ್ಕದಲ್ಲಿ ಸಾಲಾಗಿ ಇಟ್ಟುಕೊಂಡು, ಹೊಸಬರಲ್ಲಿ ಒಬ್ಬರ ಮೂಗು, ಒಬ್ಬರ ತಲೆಗೂದಲು, ಒಬ್ಬರ ನಿಲುವೂ ಹಳಬರನ್ನು ಹೋಲದಂತೆ ನೋಡಿಕೊಂಡು ಕತ್ತರಿಸಿದಳು. ಉದ್ದ ಜಡೆಯವಳು, ಗಿಡ್ಡನೆಯವನು, ಅಂಬೆಗಾಲಿನ ಕೂಸು. ಚೆನ್ನಾಗಿಯೇ ಬಂದವು. ಹಾಗಿದ್ದೂ ಅವನ್ನು ನೋಡಿದಾಗ ಸಂತೋಷವಾಗಲಿಲ್ಲ. ಪಾಪ, ಇವರದೇನು ತಪ್ಪು, ಸತ್ತವರ ಜಾಗ ತುಂಬಿಸಲು ಬಂದವರೆಂದು ಜೀವಮಾನವಿಡೀ ಅನ್ನಿಸಿಕೊಳ್ಳಬೇಕಲ್ಲ ಎಂದು ಅವರ ಪರವಾಗಿಯೂ ಸಿಟ್ಟು ಬಂತು.

ಭಾನುವಾರ ಗುಬ್ಬಿಯ ತಾಯಿಯನ್ನು ತರಗತಿಗೇ ಕರೆದಳು. ಅವಳು ಬಾಗಿಲ ಬಳಿಯ ಕುರ್ಚಿಯಲ್ಲಿ ಕೈಗಳನ್ನು ಹೊಟ್ಟೆಯ ಮೇಲಿಟ್ಟು ಕೂತಳು. ಆ ಕೋಣೆಗೂ ಚರ್ಚಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಆಚೆ ದೊಡ್ಡವರ ಆರಾಧನೆ ನಡೆಯುತ್ತಿತ್ತು. ಹಾಡು, ಕೆಮ್ಮು, ಕುರ್ಚಿ ಎಳೆಯುವುದು ಎಲ್ಲವೂ ಈಚೆ ಕೇಳುತ್ತಿತ್ತು. ಟೀಚರ್ ಬೋರ್ಡಿಗೆ ಗಡ್ಡದ ಮುದುಕನನ್ನು ಒತ್ತಿ, ಅವನ ಸುತ್ತ ಹಳೆಯ ಹತ್ತು ಮಕ್ಕಳನ್ನು ನಿಲ್ಲಿಸಿದಳು. ಗಾಳಿಯನ್ನು ಊದಲಿಲ್ಲ. ಮನೆ ಬಿತ್ತು, ಮಕ್ಕಳು ಸತ್ತರು ಎಂದಳು. ಇಷ್ಟು ವರ್ಷ ಅವಳು ಆ ಕೋಣೆಯಲ್ಲಿ ಹೋದರು ಎಂದಿದ್ದಳೇ ಹೊರತು ಸತ್ತರು ಎಂದಿರಲಿಲ್ಲ. ಹತ್ತನ್ನೂ ಒಟ್ಟಿಗೆ ಬಾಚದೆ ಒಂದೊಂದಾಗಿ ತೆಗೆದು ಡಬ್ಬಿಗಿಟ್ಟು, ಮುಚ್ಚಿ, ಡಬ್ಬಿಯನ್ನು ಮೇಜಿನ ಕೆಳಗೆ ಇಟ್ಟಳು. ಬೂದಿಯಲ್ಲಿ ಕೂತ ಯೋಬ ಹೇಗೆ ಕೂಗಾಡಿದ ಎಂಬುದನ್ನೂ ಹೇಳಿದಳು. ಆಮೇಲೆ ಕವರಿನಿಂದ ಹೊಸ ಹತ್ತನ್ನು ತೆಗೆದು ಬೋರ್ಡಿಗೆ ಒತ್ತಿದಳು. ಚಪ್ಪಾಳೆ ಬರಲಿಲ್ಲ. ಮೋಟುಗೈ ಎಲ್ಲಿ ಟೀಚರ್ ಎಂದು ಹಿಂದಿನಿಂದ ಯಾವುದೋ ಮಗು ಕೇಳಿತು. ಅವಳು ಸತ್ತಳಲ್ಲ, ಇವರು ಬೇರೆ ಮಕ್ಕಳು ಎಂದು ಟೀಚರ್ ಹೇಳಿದಳು.

ಗುಬ್ಬಿ ಎದ್ದಳು. ಸೀದಾ ಬಂದು ಮೇಜಿನ ಕೆಳಗೆ ನುಗ್ಗಿ ಡಬ್ಬಿ ಎಳೆದು ತೆರೆದಳು. ಮೋಟುಗೈ ಹುಡುಗಿಯನ್ನು ಮೊದಲು ತೆಗೆದು ಬೋರ್ಡಿಗೆ ಒತ್ತಿದಳು. ಆಮೇಲೆ ಉಳಿದವರನ್ನು. ಜಾಗ ಸಾಲದೆ ಒಬ್ಬರ ಮೇಲೊಬ್ಬರನ್ನು ಒತ್ತಿದಳು. ಮೇಲೆ ಒತ್ತಿದವು ನಿಲ್ಲದೆ ನೆಲಕ್ಕೆ ಬಿದ್ದವು, ಹೆಕ್ಕಿ ಮತ್ತೆ ಒತ್ತಿದಳು.

"ಇಲ್ಲೇ ಇದ್ದಾರಲ್ಲ ಟೀಚರ್. ನೀವು ಮರೆತುಬಿಟ್ರಿ."

ಕತ್ತರಿ ಟೀಚರ್ ಅವಳ ಎದುರು ನೆಲಕ್ಕೆ ಮೊಣಕಾಲೂರಿದಳು. ಮುದಿ ಮೊಣಕಾಲು, ನೋವಿಗೆ ಮುಖ ಕಿವುಚಿತು.

"ಮರೆತಿಲ್ಲ ಗುಬ್ಬಿ. ನಾನು ಇಷ್ಟು ವರ್ಷ ತಪ್ಪು ತೋರಿಸಿದೆ. ಸತ್ತ ಮಕ್ಕಳು ಯೋಬನ ಮನೆಗೆ ವಾಪಸ್ ಬರಲಿಲ್ಲ. ನಿಮ್ಮಣ್ಣನೂ ಬರಲ್ಲ. ಅಮ್ಮನ ಹೊಟ್ಟೇಲಿರೋದು ಬೇರೆ ಮಗು."

ಹುಡುಗಿ ತಿರುಗಿ ಅಮ್ಮನನ್ನು ನೋಡಿದಳು. ಬಾಗಿಲ ಬಳಿಯ ತಾಯಿ ತಲೆಯಾಡಿಸಿದಳು. ಆಗ ಗುಬ್ಬಿ ಟೀಚರ್‌ಗೆ ಹೊಡೆದಳು. ಹೆಗಲಿಗೆ, ಎದೆಗೆ, ಕೈಯಲ್ಲಿದ್ದ ಗೊಂಬೆಗಳ ಸಮೇತ ಮುಷ್ಟಿ ಕಟ್ಟಿ ಹೊಡೆದಳು. ಟೀಚರ್ ಆ ಕೈ ಹಿಡಿಯಲಿಲ್ಲ. ಕೈ ಸೋತ ಮೇಲೆ ಹುಡುಗಿ ಏದುಸಿರು ಬಿಡುತ್ತ, ಅಣ್ಣ ಏನು ತಪ್ಪು ಮಾಡಿದ್ದ ಎಂದು ಕೇಳಿದಳು.

"ಏನೂ ಮಾಡಿರಲಿಲ್ಲ."

"ಮತ್ತೆ ಯಾಕೆ?"

ಇಂಥ ಪ್ರಶ್ನೆಗೆಂದು ಆ ಕೋಣೆಯಲ್ಲಿ ಸಿದ್ಧವಿದ್ದ ಉತ್ತರಗಳೆಲ್ಲ ಅವಳ ಬಾಯಿಪಾಠ. ಅವುಗಳಲ್ಲಿ ಒಂದನ್ನೂ ಅವಳು ಬಾಯಿಗೆ ತಂದುಕೊಳ್ಳಲಿಲ್ಲ.

"ಗೊತ್ತಿಲ್ಲ. ದೇವರಿಗೆ ಗೊತ್ತಿರಬೇಕು. ಯೋಬನಿಗೆ ಹೇಳಲಿಲ್ಲ, ನಮಗೂ ಹೇಳಿಲ್ಲ."

"ಯೋಬನಿಗೆ ದೇವರು ಹೊಡೆದನಾ, ಕೂಗಾಡಿದ್ದಕ್ಕೆ?"

"ಇಲ್ಲ. ಸುಮ್ಮನಿರು ಅಂತ ಬುದ್ಧಿ ಹೇಳಿದವರ ಮೇಲೇ ಸಿಟ್ಟು ಮಾಡ್ಕೊಂಡ."

"ನಾನು ಬೈಬಹುದಾ?"

"ಬೈ," ಎಂದಳು ಕತ್ತರಿ ಟೀಚರ್.

ಯಾವ ಕಡೆ ತಿರುಗಿ ಬೈಯಬೇಕೆಂದು ಹುಡುಗಿಗೆ ತಿಳಿಯಲಿಲ್ಲ. ಮೇಲೆ ನೋಡಿದಳು, ಅಲ್ಲಿ ಫ್ಯಾನಿತ್ತು. ಕೊನೆಗೆ, ಹಾಡು ಕೇಳಿಬರುತ್ತಿದ್ದ ಹಲಗೆಯ ಕಡೆಗೇ ಮುಖ ಮಾಡಿ ನಿಂತು, ಕತ್ತಿನ ನರ ಉಬ್ಬುವಂತೆ ಕೂಗಿದಳು.

"ನಮ್ಮಣ್ಣ ನಿಂಗೇನು ಮಾಡಿದ್ದ? ನಂಗೆ ಸೈಕಲ್ ಕಲಿಸ್ತಾ ಇದ್ದ. ಅರ್ಧ ಕಲಿಸಿದ್ದ. ಇನ್ನರ್ಧ ಯಾರು ಕಲಿಸ್ತಾರೆ, ನೀನು ಬರ್ತೀಯಾ?"

ಹಲಗೆಯ ಆಚೆ ಹಾಡು ಎಡವಿತು. ಮುಂದಿನ ಸಾಲಿನವರು ನಿಲ್ಲಿಸಿದರು, ಹಿಂದಿನವರು ಇನ್ನೆರಡು ಪದ ಎಳೆದು ಅವರೂ ನಿಲ್ಲಿಸಿದರು. ಗುಬ್ಬಿ ಕಿವಿಗೊಟ್ಟು ಕಾದಳು. ಆಮೇಲೆ ಟೀಚರ್ ಕಡೆ ತಿರುಗಿ, ಅವನಿಗೆ ಕೇಳಿಸ್ತಾ ಎಂದಳು.

"ಗೊತ್ತಿಲ್ಲಮ್ಮ. ಇನ್ನೊಂದ್ಸಲ ಕೂಗು. ಜೋರಾಗಿ ಕೂಗು."

ಹುಡುಗಿ ಉಸಿರು ಎಳೆದುಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಮಗ ಹೋದ ದಿನದಿಂದ ಸಮಾಧಾನ ಹೇಳಿದವರಿಗೆಲ್ಲ ತಲೆಯಾಡಿಸಿಕೊಂಡೇ ಬಂದಿದ್ದ ಆ ತಾಯಿ, ಒಂದು ಕೈಯಲ್ಲಿ ಹೊಟ್ಟೆಯನ್ನೂ ಇನ್ನೊಂದರಲ್ಲಿ ಬೆಂಚನ್ನೂ ಹಿಡಿದು ಎದ್ದು ನಿಂತಿದ್ದಳು. ಅವಳ ಗಂಟಲಿನಿಂದ ಮೊದಲು ಮಾತೇ ಅಲ್ಲದ ಏನೋ ಒಂದು ಬಂತು. ಬೆಂಚಿನ ಮೇಲಿದ್ದ ಮಕ್ಕಳು ಒಬ್ಬರಿಗೊಬ್ಬರು ಅಂಟಿ ಕೂತವು. ಆಮೇಲೆ ಮಾತು ಬಂತು, ಚರ್ಚಿನ ಹೊರಗಿನ ಬೀದಿಗೂ ಕೇಳುವಷ್ಟು ದೊಡ್ಡದಾಗಿ.

"ಯಾಕೆ ಅಂತ ಹೇಳು. ನೀನು ಹೇಳೋವರೆಗೂ ನಾನು ಇಲ್ಲಿಂದ ಕದಲಲ್ಲ."

ಹಲಗೆಯ ಆಚೆ ಹಾಡು ಮತ್ತೆ ಶುರುವಾಗಲಿಲ್ಲ.